ಈ ಭಾನುವಾರದ ಆರಾಧನೆಗೆ ಸ್ವಲ್ಪ ತಯಾರಿ

ಎಲ್ಲರಿಗೂ ಕರ್ತನಲ್ಲಿ ವಂದನೆಗಳು.

ಭಾನುವಾರದ ವಾಕ್ಯಭಾಗ ಯೆಶಾಯ 6ನೇ ಅಧ್ಯಾಯ, 1ರಿಂದ 8ನೇ ವಚನ. ಮನೆಯಲ್ಲೇ ಒಮ್ಮೆ ಜೋರಾಗಿ ಓದಿಕೊಂಡು ಬನ್ನಿ. ಉಜ್ಜೀಯ ಅರಸ ತೀರಿಕೊಂಡ ವರ್ಷ ಅದು. ಅರಸ ಹೋದ, ಆದರೆ ಪ್ರವಾದಿ ಯೆಶಾಯನಿಗೆ ಕಂಡದ್ದು ಎತ್ತರದ ಸಿಂಹಾಸನದ ಮೇಲೆ ಕೂತಿದ್ದ ಕರ್ತನು. ದೇವರ ಆಳ್ವಿಕೆಗೆ ಬೇರೆ ವಿವರಣೆ ಬೇಕಾ?

ಸಿಂಹಾಸನದ ಬಳಿ ನಿಂತಿದ್ದ ದೇವದೂತರಾದ ಸೆರಾಫಿಯರನ್ನು ಗಮನಿಸಿ. ಆರು ರೆಕ್ಕೆ. ಎರಡು ಮುಖ ಮುಚ್ಚಲು, ಎರಡು ಕಾಲು ಮುಚ್ಚಲು, ಹಾರಲು ಬರೀ ಎರಡು. ಅವರೇ ಮುಖ ಮುಚ್ಚಿಕೊಂಡರೆ ನಾವೆಲ್ಲಿ! "ಪರಿಶುದ್ಧನು" ಅಂತ ಮೂರು ಸಲ ಕೂಗುತ್ತಾರೆ. ಹೀಬ್ರೂ ಭಾಷೆಯಲ್ಲಿ ಒತ್ತು ಕೊಡಲು ಪದವನ್ನೇ ಮತ್ತೆ ಹೇಳುತ್ತಾರೆ, ನಾವು 'ಬಿಸಿ ಬಿಸಿ' ಅನ್ನೋ ಹಾಗೆ.

ಆಮೇಲೆ ಕೆಂಡ. ಯಜ್ಞವೇದಿಯಿಂದ ಇಕ್ಕುಳದಲ್ಲಿ ಹಿಡಿದು ತಂದದ್ದು. 'ಅಯ್ಯೋ, ನಾನು ಕೆಟ್ಟೆ' ಅಂದ ಯೆಶಾಯನ ತುಟಿಗೇ ಅದು ತಾಗಿತು, ಪಾಪ ಹೋಯಿತು. ಪರಿಶುದ್ಧತೆ ಒಂದು ಕಡೆ, ಪ್ರೀತಿ ಇನ್ನೊಂದು ಕಡೆ ಅಂತ ಬೋಧಿಸುವವರು ಈ ಕೆಂಡವನ್ನು ಮರೆತಿರುತ್ತಾರೆ ಅನಿಸುತ್ತದೆ.

ಹಾಡು ಆರಿಸುವವರೇ, ಚಪ್ಪಾಳೆ ಹಾಡುಗಳು ಜಾಸ್ತಿ ಬೇಡ. ಮೊದಲನೆಯದು ನಿಧಾನದ್ದಿರಲಿ. ಅದು ಮುಗಿದ ಮೇಲೆ ಒಂದು ನಿಮಿಷ ಸುಮ್ನೆ ಇರೋಣ, ಕೀಬೋರ್ಡ್ ಕೂಡ ಬೇಡ. (ಕಳೆದ ಸಲ ಮೌನ ಕೆಡಿಸಿದ್ದು ನಾನೇ, ಕ್ಷಮಿಸಿ.)

ಕೊನೆಗೆ ಕೀರ್ತನೆ 136. ಒಟ್ಟು 26 ವಚನ, ಪ್ರತಿಯೊಂದರ ಕೊನೆಗೂ ಆತನ ಕೃಪೆಯ ಅದೇ ಪಲ್ಲವಿ. ಮೊದಲರ್ಧ ಒಬ್ಬರು ಓದಲಿ, ಪಲ್ಲವಿಯನ್ನು ಸಭೆಯೆಲ್ಲ ಹೇಳಲಿ. ಉದ್ದ ಆಯಿತು ಅಂತ ಕತ್ತರಿಸಬೇಡಿ. ಓದುವವರು ಯಾರು ಅಂತ ಶುಕ್ರವಾರದೊಳಗೆ ಇಲ್ಲೇ ತಿಳಿಸಿ.