ತಾಯಿ ಕೆಳಗೆ ಹೋದಾಗ

ಪ್ರೀತಿಯ ಪುಟ್ಟೀ,

ನಿನ್ನ ಪತ್ರದ ಒಂದು ಸಾಲು ನನ್ನ ನಿದ್ದೆ ಕೆಡಿಸಿತು. "ದೊಡ್ಡಮ್ಮಾ, ಡಾಲ್ಫಿನ್ ಮರಿ ನೀರಿನ ಮೇಲೆ ಒಂದೇ ಇತ್ತು, ತಾಯಿ ಬಿಟ್ಟು ಹೋದಳೇನೋ." ಇದನ್ನು ಬರೆಯುವಾಗ ನಿನ್ನ ಮನಸ್ಸಿನಲ್ಲಿ ಯಾರಿದ್ದರು ಅಂತ ನನಗೆ ಗೊತ್ತಾಗಲ್ವಾ? ಇರಲಿ, ಮರಿಯ ವಿಷಯವನ್ನೇ ಮಾತಾಡೋಣ.

ಅದರ ಮೈಮೇಲೆ ಪಟ್ಟೆ ಇರಲಿಲ್ಲ ಅಂತ ನೀನೇ ಬರೆದಿದ್ದೀಯ. ಹೊಟ್ಟೆಯೊಳಗೆ ಮಡಚಿಕೊಂಡಿದ್ದ ಗುರುತು ಅದು, ಹುಟ್ಟಿದ ಕೆಲವು ತಿಂಗಳಲ್ಲಿ ಮಾಸುತ್ತದೆ. ಅಂದರೆ ಇದು ಹಸುಗೂಸಲ್ಲ. ಹಸುಗೂಸಾಗಿದ್ದರೆ ನಾನೂ ಹೆದರುತ್ತಿದ್ದೆ. ಮೊದಮೊದಲು ಮರಿ ತಾಯಿಯ ಪಕ್ಕೆ ಬಿಟ್ಟು ಸರಿಯುವುದೇ ಇಲ್ಲ. ತಾಯಿ ಮುಂದೆ ಸಾಗುವಾಗ ಅವಳ ಪಕ್ಕದ ನೀರೇ ಮರಿಯನ್ನೂ ಸೆಳೆದುಕೊಂಡು ಹೋಗುತ್ತದೆ, ಅದು ಹೆಚ್ಚು ಬಾಲ ಬಡಿಯಬೇಕಾಗಿಲ್ಲ. ದೂರ ಹೋಗುವ ಧೈರ್ಯ ಬರುವುದು ಆಮೇಲೆ.

ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ನೆನಪಿಸಿಕೋ. ಅಲ್ಲಿನ ಕೆಲವು ತಾಯಂದಿರು ಸಮುದ್ರದ ಸ್ಪಂಜನ್ನು ಕಿತ್ತು ಮೂತಿಗೆ ಸಿಕ್ಕಿಸಿಕೊಂಡು ತಳಕ್ಕಿಳಿಯುತ್ತವೆ. ಒರಟು ಮರಳು ಕೆದಕುವಾಗ ಮೂತಿ ತರಚಬಾರದಲ್ವಾ? ಅಡಗಿದ ಮೀನು ಮೇಲೆದ್ದರೆ ಸ್ಪಂಜು ಬಿಟ್ಟು ಹಿಡಿಯುತ್ತವೆ. ಅಷ್ಟು ಹೊತ್ತೂ ಪುಟ್ಟ ಮರಿ ಮೇಲೆ ಒಂಟಿಯಾಗಿ ಕಾಯುತ್ತದೆ. ನೀನು ನೋಡಿದ್ದೂ ಅಂಥದ್ದೇ ಇರಬಹುದು. ಹಾಗೆ ಕಾದ ಮರಿಗಳೇ, ಅದರಲ್ಲೂ ಹೆಣ್ಣುಮರಿಗಳು, ಮುಂದೆ ತಾವೇ ಸ್ಪಂಜು ಹಿಡಿಯುತ್ತವೆ. ಕೈಹಿಡಿದು ಕಲಿಸಿದವರು ಯಾರೂ ಇಲ್ಲ. ವರ್ಷಗಟ್ಟಲೆ ತಾಯಿಯ ಜೊತೆ ಓಡಾಡಿದ್ದೇ ಪಾಠ. ಅಲ್ಲಿನ ಮರಿಗಳು ಹಾಲು ಬಿಡುವುದೂ ಸಾಮಾನ್ಯವಾಗಿ ಮೂರು ವರ್ಷ ಕಳೆದ ಮೇಲೆಯೇ.

ಆದರೂ ನಿನ್ನ ಭಯ ಸುಳ್ಳು ಅನ್ನಲಾರೆ. ಹಾಲು ಬಿಡುವ ಮೊದಲೇ ಸಾಯುವ ಮರಿಗಳು ಕಡಿಮೆಯೇನಲ್ಲ. ಶಾರ್ಕ್ ಇದೆ, ಹಸಿವಿದೆ. ಆದರೆ ಕಣ್ಣಿಗೆ ಕಾಣದ ತಾಯಿ ಬಿಟ್ಟು ಹೋದ ತಾಯಿಯಲ್ಲ. ನೀರಿನಲ್ಲಿ ಅವು ಸಿಳ್ಳೆಯಿಂದ ಒಂದನ್ನೊಂದು ಹುಡುಕಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ತನ್ನದೇ ಸಿಳ್ಳೆ, ಹೆಸರಿದ್ದ ಹಾಗೆ. ಫ್ಲೋರಿಡಾದ ಸಾರಾಸೋಟಾ ಕೊಲ್ಲಿಯ 19 ತಾಯಂದಿರ ಧ್ವನಿ ಕೇಳಿ 2023ರಲ್ಲಿ ಒಂದು ವರದಿ ಬಂತು. ಮರಿ ಜೊತೆಗಿದ್ದಾಗ ತಾಯಿ ತನ್ನ ಸಿಳ್ಳೆಯನ್ನೇ ಇನ್ನಷ್ಟು ಏರಿದ ಶ್ರುತಿಯಲ್ಲಿ ಹಾಕುತ್ತಾಳಂತೆ. ಅದನ್ನು ಓದಿದ ದಿನ ನನಗೆ ಬೇರೆ ಕೆಲಸವೇ ಆಗಲಿಲ್ಲ.

ನನ್ನಮ್ಮ ಕೆಲಸಕ್ಕೆ ಹೊರಟಾಗಲೆಲ್ಲ ಬಾಗಿಲಿನಿಂದ ನನ್ನ ಹೆಸರು ಕೂಗಿ ಹೋಗುತ್ತಿದ್ದಳು. ನಾನು ಮುನಿಸಿಕೊಂಡು ಓಗೊಡುತ್ತಿರಲಿಲ್ಲ. ದಾರಿಯುದ್ದಕ್ಕೂ ಅವಳಿಗೆ ಏನನ್ನಿಸುತ್ತಿತ್ತೋ! ಕೇಳಬೇಕು ಅಂತ ತೋಚುವ ಹೊತ್ತಿಗೆ ಅವಳಿರಲಿಲ್ಲ. ನೀನು ಬಿಟ್ಟು ಹೋದವಳಲ್ಲ ಪುಟ್ಟೀ. ಇಲ್ಲಿ ನಿನ್ನ ದನಿ ಫೋನಿನಲ್ಲಿ ಕೇಳಿದರೆ ಸಾಕು, ನಿನ್ನ ಮಗಳು ಆಟ ಬಿಟ್ಟು ಓಡಿ ಬರುತ್ತಾಳೆ. ದಿನಾ ಮಾತಾಡು, ಎರಡೇ ನಿಮಿಷವಾದರೂ ಸರಿ.

ದೋಣಿಯ ಕೆಲಸ ನನಗಿಂತ ನಿನಗೇ ಜಾಸ್ತಿ ಗೊತ್ತು, ಆದರೂ ಹೇಳುತ್ತೇನೆ. ಮತ್ತೆ ಮರಿ ಒಂಟಿಯಾಗಿ ಕಂಡರೆ ಹತ್ತಿರ ಹೋಗಬೇಡ. ದೂರದಲ್ಲೇ ಇಂಜಿನ್ ನಿಲ್ಲಿಸಿ, ನೀರೊಳಗಿನ ಸದ್ದು ಹಿಡಿಯುವ ಹೈಡ್ರೋಫೋನ್ ಇಳಿಸಿ ಸುಮ್ನೆ ಕೇಳು. ಸಿಳ್ಳೆಗೆ ಉತ್ತರ ಬಂತಾ ಇಲ್ವಾ ಅಂತ ನನಗೂ ಬರೆ. ಬರದಿದ್ದರೂ ಬರೆ, ಮುಚ್ಚಿಡಬೇಡ.

ನಿನ್ನ
ದೊಡ್ಡಮ್ಮ