ಸಾವಿರ ವರ್ಷದ ಆಳ್ವಿಕೆ: ಕ್ರೈಸ್ತರಲ್ಲಿ ಒಮ್ಮತವಿಲ್ಲ

ಮಾನ್ಯ ಸಂಪಾದಕರೇ,

ಪಶ್ಚಿಮ ಏಷ್ಯಾದಲ್ಲಿ ಯುದ್ಧ ಶುರುವಾದಾಗಲೆಲ್ಲ ‘ಕ್ರೈಸ್ತರ ಪ್ರಕಾರ ಲೋಕಾಂತ್ಯ ಸಮೀಪಿಸಿದೆ’ ಎಂಬ ಬರಹಗಳು ಕಾಣಿಸಿಕೊಳ್ಳುತ್ತವೆ. ಆದರೆ ಬೈಬಲ್‌ನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ 20ನೇ ಅಧ್ಯಾಯದಲ್ಲಿ ಆರು ಬಾರಿ ಬರುವ, ಕ್ರಿಸ್ತನ ಆಳ್ವಿಕೆಯ ‘ಸಾವಿರ ವರ್ಷ’ದ ಅರ್ಥದ ಬಗ್ಗೆ ಕ್ರೈಸ್ತರಲ್ಲೇ ಮೊದಲಿನಿಂದಲೂ ಭಿನ್ನಮತವಿದೆ. ಎರಡನೆಯ ಶತಮಾನದ ಬಿಷಪ್ ಐರೇನಿಯಸ್, ಕ್ರಿಸ್ತನು ಮರಳಿ ಬಂದ ಮೇಲೆ ಈ ಭೂಮಿಯಲ್ಲೇ ನೀತಿವಂತರ ರಾಜ್ಯ ಸ್ಥಾಪನೆಯಾಗುತ್ತದೆಂದು ನಂಬಿದ್ದರೆ, ಐದನೆಯ ಶತಮಾನದಲ್ಲಿ ಬಿಷಪ್ ಅಗಸ್ಟೀನ್ ಅದನ್ನು ಸಾಂಕೇತಿಕವಾಗಿ ಓದಿ, ಸಭೆಯ (ಚರ್ಚಿನ) ಈಗಿನ ಕಾಲವೇ ಆ ಆಳ್ವಿಕೆ ಎಂದರು. ಕಥೋಲಿಕ ಸಭೆಯೂ ಭೂಮಿಯ ಮೇಲಿನ ಸಾವಿರ ವರ್ಷದ ರಾಜ್ಯವನ್ನು ಒಪ್ಪುವುದಿಲ್ಲ. ಸುವಾರ್ತೆಯಿಂದ ಲೋಕ ಸುಧಾರಿಸಿದ ಬಳಿಕವೇ ಕ್ರಿಸ್ತನ ಆಗಮನ ಎಂಬ ಮೂರನೆಯ ಪಕ್ಷ ಮೊದಲ ಮಹಾಯುದ್ಧದ ನಂತರ ಸೊರಗಿತು.

ವಿಶ್ವಾಸಿಗಳು ಏಕಾಏಕಿ ಮೇಲಕ್ಕೆ ಒಯ್ಯಲ್ಪಡುತ್ತಾರೆ, ಬಳಿಕ ಏಳು ವರ್ಷ ಮಹಾಸಂಕಟ ಎಂದು ನಾವು ಇಂದು ಕೇಳುವ ಕಾಲಪಟ್ಟಿಯಾದರೋ 1830ರ ದಶಕದಲ್ಲಿ ಧರ್ಮಬೋಧಕ ಜಾನ್ ನೆಲ್ಸನ್ ಡಾರ್ಬಿ ಬೋಧಿಸಿ, 1909ರ ಸ್ಕೋಫೀಲ್ಡ್ ಬೈಬಲ್‌ನ ಟಿಪ್ಪಣಿಗಳ ಮೂಲಕ ಹರಡಿದ್ದು. ಲೋಕಾಂತ್ಯದ ದಿನಾಂಕ ಸಾರುವವರಿಗಂತೂ, 1844ರ ಅಕ್ಟೋಬರ್ 22ರಂದು ಕ್ರಿಸ್ತನ ಆಗಮನಕ್ಕೆ ಕಾದು ನಿರಾಶರಾದ ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳ ಪಾಡು ನೆನಪಿರಬೇಕು. ಆ ದಿನವನ್ನು ತಂದೆಯಾದ ದೇವರೊಬ್ಬನೇ ಬಲ್ಲನೆಂದು ಮತ್ತಾಯನ ಸುವಾರ್ತೆಯೇ ಹೇಳುತ್ತದೆ. ಇಂಥ ಬರಹಗಳನ್ನು ಪ್ರಕಟಿಸುವಾಗ ಅದು ಯಾವ ಪಂಥದ ಅಭಿಪ್ರಾಯವೆಂದು ಪತ್ರಿಕೆಗಳು ನಮೂದಿಸಲಿ.

– ಓದುಗ, ಮಂಗಳೂರು