ಮಗಳಿಗೊಂದು ಪತ್ರ: ಕುರ್ಚಿ ಎಸೆದ ರಾಜ

ಪುಟ್ಟಿ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ರೂಮ್‌ಮೇಟ್‌ಗೆ ಜ್ವರ ಅಂತ ರಾತ್ರಿಯಿಡೀ ಆಸ್ಪತ್ರೆಯಲ್ಲಿ ಕೂತು ಬೆಳಿಗ್ಗೆಯ ಟೆಸ್ಟ್ ತಪ್ಪಿತು ಅಂದೆಯಲ್ಲ, ಆಗ ನಾನು ಕೂಗಾಡಿದೆ. 'ನಿನ್ನನ್ನು ಅಷ್ಟು ದೂರ ಕಳಿಸಿದ್ದು ಓದೋಕೆ, ಊರವರ ಸೇವೆ ಮಾಡೋಕಲ್ಲ' ಅಂದುಬಿಟ್ಟೆ. ಡಾಕ್ಟರಾಗಲು ಹೋದವಳಿಗೆ ಹೇಳುವ ಮಾತಾ ಅದು? ನಿನ್ನ ಅಮ್ಮ ಎರಡು ದಿನ ಕಾಫಿ ಲೋಟವನ್ನು ನನ್ನ ಮುಂದೆ ಕುಕ್ಕಿ ಹೋದಳು.

ಮೊದಲ ವರ್ಷ ನೀನೊಂದು ಫೋಟೋ ಕಳಿಸಿದ್ದೆ, ನೆನಪಿದೆಯಾ? ಜಾರ್ಜಿಯಾದ ರಾಜಧಾನಿ ಟಿಬಿಲಿಸಿಯ ರುಸ್ತವೇಲಿ ಮೆಟ್ರೋ ಸ್ಟೇಷನ್ ಹೊರಗೆ, ಕವಿಯ ಪ್ರತಿಮೆ ಹತ್ತಿರ, ಉಣ್ಣೆ ಟೋಪಿ ಹಾಕಿಕೊಂಡು. 'ಯಾರಮ್ಮ ಈತ?' ಅಂದರೆ 'ಇವರ ಕುಮಾರವ್ಯಾಸ ಅಪ್ಪ' ಅಂದಿದ್ದೆ. ಮನೆಯಲ್ಲಿ ಯಾರೂ ಮಾತಾಡಿಸದ ಆ ಎರಡು ದಿನ ಸುಮ್ನೆ ಕೂತು ಆತನ ಕಾವ್ಯ 'ಹುಲಿಚರ್ಮದ ವೀರ'ನನ್ನು ಓದಿದೆ. ಹುಲಿಯಲ್ಲ, ಚಿರತೆ ಅನ್ನುವವರೂ ಇದ್ದಾರೆ. ಮಾರ್ಜರಿ ವಾರ್ಡ್ರಾಪ್ ಎಂಬ ಹೆಂಗಸು ಮಾಡಿದ ಇಂಗ್ಲಿಷ್ ಗದ್ಯಾನುವಾದ. ಆಕೆ ತೀರಿಕೊಂಡಿದ್ದು 1909ರಲ್ಲಿ, ಪುಸ್ತಕ ಬಂದಿದ್ದು 1912ರಲ್ಲಿ. ಅಣ್ಣ ಆಲಿವರ್ ಮುಂದೆ ನಿಂತು ಹೊರತಂದ.

ಶೋತಾ ರುಸ್ತವೇಲಿ ಅಂದರೆ ರುಸ್ತವಿ ಊರಿನ ಶೋತಾ. ನಮ್ಮಲ್ಲೂ ಊರ ಹೆಸರು ಹಚ್ಚಿಕೊಳ್ಳುತ್ತೇವಲ್ಲ, ಹಾಗೇ. ಆತನದು ಜಾರ್ಜಿಯಾವನ್ನು ರಾಣಿ ತಮಾರ್ ಆಳಿದ ಕಾಲ, 1184ರಿಂದ 1213. ಆಕೆಯ ಅಪ್ಪ ಮೂರನೇ ಗಿಯೋರ್ಗಿ ತಾನು ಬದುಕಿರುವಾಗಲೇ, 1178ರಲ್ಲಿ, ಮಗಳಿಗೆ ಕಿರೀಟ ತೊಡಿಸಿ ಜೊತೆಗೆ ಕೂರಿಸಿಕೊಂಡಿದ್ದ. ಕಾವ್ಯವೂ ಹಾಗೇ ಶುರುವಾಗುತ್ತದೆ. ಅರೇಬಿಯಾದ ರಾಜ ರೊಸ್ತೆವಾನ್‌ಗೆ ಗಂಡು ಮಕ್ಕಳಿಲ್ಲ, ಮಗಳು ತಿನಾತಿನ್‌ಗೆ ಪಟ್ಟ ಕಟ್ಟುತ್ತಾನೆ. 'ಹೆಣ್ಣಾಗಲಿ ಗಂಡಾಗಲಿ, ಸಿಂಹದ ಮರಿಗಳೆಲ್ಲ ಸಮ' ಅನ್ನುತ್ತಾರೆ ಮಂತ್ರಿಗಳು. ನೀನು ಹುಟ್ಟಿದಾಗ ನಿನ್ನ ಅಜ್ಜಿಗೆ ಈ ಸಾಲು ಗೊತ್ತಿದ್ದರೆ ಚೆನ್ನಾಗಿತ್ತು.

ಆಮೇಲೆ ಹೊಳೆಯ ದಂಡೆಯಲ್ಲಿ ಒಬ್ಬ ಕಾಣಿಸುತ್ತಾನೆ. ಮೈಮೇಲೆ ಚರ್ಮ ಹೊದ್ದು, ಕುದುರೆಯ ಲಗಾಮು ಹಿಡಿದು ಅಳುತ್ತಾ ಕೂತಿದ್ದಾನೆ. ಕರೆದರೆ ಮಾತಿಲ್ಲ, ಹಿಡಿಯಲು ಹೋದವರನ್ನು ಹೊಡೆದು ಮಾಯವಾಗುತ್ತಾನೆ. ಅವನು ತಾರಿಯೇಲ್, ನಮ್ಮ ಇಂಡಿಯಾದವನು! ಕಳೆದುಹೋದ ರಾಜಕುಮಾರಿ ನೆಸ್ತಾನ್-ದಾರೆಜಾನ್‌ಗಾಗಿ ಅಳುತ್ತಿದ್ದಾನೆ. ಆ ಇಂಡಿಯಾದಲ್ಲಿ ನಮ್ಮ ಗುರುತಿನದು ಒಂದೂ ಸಿಗುವುದಿಲ್ಲ ಬಿಡು, ರಾಜನ ಹೆಸರೇ ಪರ್ಸದಾನ್. ಕವಿಗೆ ಬೇಕಿದ್ದದ್ದು ಒಂದು ದೂರದ ದೇಶ, ಅಷ್ಟೇ. ಇವನನ್ನು ಹುಡುಕು ಅಂತ ತಿನಾತಿನ್ ತನ್ನನ್ನು ಪ್ರೀತಿಸುವ ಅವ್ತಾಂದಿಲ್‌ನನ್ನು ಕಳಿಸುತ್ತಾಳೆ. ಮೂರು ವರ್ಷದ ಗಡುವು. ಗಡುವು ಮುಗಿಯುವ ಹೊತ್ತಿಗೆ ಒಂದು ಗುಹೆಯಲ್ಲಿ ತಾರಿಯೇಲ್ ಸಿಗುತ್ತಾನೆ, ಇಬ್ಬರೂ ಗೆಳೆಯರಾಗುತ್ತಾರೆ. ಮನೆಗೆ ಹೋಗಿ ಹೇಳಿ ಬರುತ್ತೇನೆ, ಆಮೇಲೆ ನಿನ್ನ ಹುಡುಗಿಯನ್ನು ಜೊತೆಯಾಗಿ ಹುಡುಕೋಣ ಅಂತ ಅವ್ತಾಂದಿಲ್ ಮಾತು ಕೊಡುತ್ತಾನೆ.

ನಾನು ಸಿಕ್ಕಿಬಿದ್ದಿದ್ದು ಇಲ್ಲೇ. ಅವ್ತಾಂದಿಲ್‌ಗೆ ಮತ್ತೆ ಹೊರಡಲು ರಾಜನ ಅಪ್ಪಣೆ ಬೇಕು. ನೇರವಾಗಿ ಕೇಳಲು ಧೈರ್ಯವಿಲ್ಲದೆ ಮಂತ್ರಿ ಸೊಗ್ರಾತ್‌ನನ್ನು ಕಳಿಸುತ್ತಾನೆ. ರಾಜ ರೊಸ್ತೆವಾನ್ ಕೆರಳಿ ಕೈಗೆ ಸಿಕ್ಕ ಕುರ್ಚಿಯನ್ನೇ ಎತ್ತಿ ಮಂತ್ರಿಯ ಕಡೆ ಎಸೆಯುತ್ತಾನೆ. ಗುರಿ ತಪ್ಪಿ ಅದು ಗೋಡೆಗೆ ಬಡಿಯುತ್ತದೆ. ಓದಿ ನನಗೆ ನಗು ಬಂತು, ಹಿಂದೆಯೇ ನಾಚಿಕೆಯಾಯ್ತು. ನಾನು ಎಸೆದಿದ್ದು ಮಾತು. ಅದು ಗೋಡೆಗೆ ಬಡಿಯಲಿಲ್ಲ, ಅಲ್ವಾ?

ಅವ್ತಾಂದಿಲ್ ರಾತ್ರೋರಾತ್ರಿ ಹೊರಟುಬಿಡುತ್ತಾನೆ. ರಾಜನಿಗೊಂದು ಪತ್ರ ಬಿಟ್ಟು ಹೋಗುತ್ತಾನೆ. ಗೆಳೆಯನಿಗೆ ಸುಳ್ಳುಗಾರನಾಗಿ ಬದುಕಲಾರೆ, ಸುಳ್ಳು ಮೊದಲು ಮೈಯನ್ನು, ಆಮೇಲೆ ಆತ್ಮವನ್ನು ಕೆಡಿಸುತ್ತದೆ ಅಂತ ಪ್ಲೇಟೋ ಹೇಳಿದ್ದಾನೆ ಅಂತ ಬರೆಯುತ್ತಾನೆ. ಅರೇಬಿಯಾದ ಸರದಾರ ಪ್ಲೇಟೋನನ್ನು ಸಾಕ್ಷಿಗೆ ಕರೆಯುವುದು ಜಾರ್ಜಿಯಾದ ಕಾವ್ಯದಲ್ಲಿ! ಪತ್ರ ಓದಿ ರೊಸ್ತೆವಾನ್ ಗೋಳಾಡುತ್ತಾನೆ. ಕಾಜೆತಿ ಕೋಟೆಗೆ ನುಗ್ಗಿ ನೆಸ್ತಾನ್‌ಳನ್ನು ಬಿಡಿಸುವ ಯುದ್ಧ ಮುಂದಿದೆ, ಫ್ರಿದೋನ್ ಎಂಬ ಮೂರನೇ ಗೆಳೆಯನೂ ಸೇರುತ್ತಾನೆ. ನನಗೆ ಆ ಯುದ್ಧಕ್ಕಿಂತ ಈ ಪತ್ರವೇ ಜಾಸ್ತಿ ಹಿಡಿಸಿತು. ಈ ವೀರರು ಕತ್ತಿ ಬೀಸುವುದಕ್ಕಿಂತ ಹೆಚ್ಚು ಹೊತ್ತು ಅಳುತ್ತಾರೆ, ಒಬ್ಬರಿಗೊಬ್ಬರು ಕಾಯುತ್ತಾರೆ.

ಗದ್ಯದಲ್ಲಿ ಸಿಗದೇ ಹೋದದ್ದು ಅದರ ನಡೆ. ಶಾಯಿರಿ ಎಂಬ ಛಂದಸ್ಸಂತೆ. ಸಾಲಿಗೆ 16 ಅಕ್ಷರ, ನಾಲ್ಕು ಸಾಲಿಗೂ ಕೊನೆಯಲ್ಲಿ ಒಂದೇ ಪ್ರಾಸ. ಅಂಥ ಪದ್ಯಗಳು ಸಾವಿರದ ಆರುನೂರರಷ್ಟು. ಸಾಲನ್ನು ನಾಲ್ಕು ನಾಲ್ಕು ಅಕ್ಷರವಾಗಿ ಒಡೆದರೆ ಓಟ, ಐದು ಮೂರಾಗಿ ಒಡೆದರೆ ನಿಧಾನ. ಸುಮಾರು ಅದೇ ಕಾಲಕ್ಕೆ ನಮ್ಮ ರಾಘವಾಂಕ ಷಟ್ಪದಿ ಕಟ್ಟುತ್ತಿದ್ದ, ಆದರೆ ನಮ್ಮ ಪ್ರಾಸ ಕೂರುವುದು ಸಾಲಿನ ಎರಡನೇ ಅಕ್ಷರದಲ್ಲಿ. ಹಾಗಾಗಿ ಅವರದನ್ನು ಕಿವಿಯಿಂದಲೇ ಕೇಳಬೇಕು. 1712ರಲ್ಲಿ ಅಲ್ಲಿನ ದೊರೆ ಆರನೇ ವಖ್ತಾಂಗ್ ಟಿಬಿಲಿಸಿಯಲ್ಲಿ ಅಚ್ಚು ಹಾಕಿಸುವ ತನಕ ಇದು ಉಳಿದದ್ದೇ ಕೈಬರಹದಲ್ಲಿ, ಜನರ ಬಾಯಲ್ಲಿ. ಮದುವೆಯಾಗುವ ಹುಡುಗಿಯ ಜೊತೆ ಈ ಪುಸ್ತಕ ಕೊಟ್ಟು ಕಳಿಸುವ ರೂಢಿಯೂ ಇತ್ತಂತೆ.

ನಿನ್ನ ಹಾಸ್ಟೆಲ್ ಕೆಳಗೆ ಬ್ರೆಡ್ ಮಾರುವ ಅಜ್ಜಿ ಇದ್ದಾರಲ್ಲ, ಅವರಿಗೆ ನಾಲ್ಕು ಸಾಲಾದರೂ ಬಾಯಿಗೆ ಬರಬಹುದು. ಹೇಳಿಸಿ ವಾಟ್ಸಾಪ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸು. ಮತ್ತೆ ಟೆಸ್ಟ್ ಬರೆಯಲು ಫೀಸ್ ಎಷ್ಟು ಅಂತ ತಿಳಿಸು, ನಾಳೆಯೇ ಹಾಕುತ್ತೇನೆ. ಆ ಹುಡುಗಿಗೆ ಈಗ ಜ್ವರ ಬಿಟ್ಟಿದೆಯಾ? ಗಂಜಿ ಮಾಡಿಕೊಡು. ಅಮ್ಮ ಕಳಿಸಿದ ನಿಂಬೆಕಾಯಿ ಉಪ್ಪಿನಕಾಯಿ ಇನ್ನೂ ಇರಬೇಕಲ್ಲ.

ನಿನ್ನ ಅಪ್ಪ